ಪೆಟ್ರೋಲ್ ಟ್ಯಾಂಕಿನ ಮೇಲಿನ ಸೀಟು

ನಮ್ಮ ಜೀಪಿನ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಸೀಟಿನ ದಿಂಬು ಎತ್ತಿದರೆ ಸಾಕು, ಅದರ ಮುಚ್ಚಳ ಕಣ್ಣಿಗೆ ಬೀಳುತ್ತದೆ. ಹಳೇ ಕಾಲದ ಜೀಪುಗಳನ್ನು ಮಾಡಿದ್ದೇ ಹಾಗೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ, "ಕೋಳಿ ಕಾವಿಗೆ ಕೂತಂಗೆ ನಿನ್ ಗಂಡ ಪೆಟ್ರೋಲ್ ಮೇಲೆ ಕೂರ್ತಾನೆ ನೋಡು" ಎಂದು ನಗಾಡುತ್ತಿದ್ದರು. ನಾನೂ ನಗುತ್ತಿದ್ದೆ. ಆ ಸೀಟಿನಲ್ಲಿ ನಾನೇ ಕೂರುವ ದಿನ ಬರುವ ತನಕ ಅದು ನಗುವ ಮಾತಾಗಿಯೇ ಇತ್ತು.

ಹೋದ ವರ್ಷದ ಹಿಂದಿನ ಆಷಾಢದಲ್ಲಿ ನಮ್ಮವರಿಗೆ ಬಲಭಾಗ ಬಿದ್ದುಹೋಯಿತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಕೈತಪ್ಪಿತೆಂದು ಬಗ್ಗಿದರು, ಮತ್ತೆ ಏಳಲಿಲ್ಲ. ಆರು ತಿಂಗಳಿಗೆ ಮಾತು ತಿರುಗಿ ಬಂತು, ನಿಧಾನವಾಗಿ, ಆದರೆ ಹಳೇ ಕೀಟಲೆ ಸಮೇತ. ಕಾಲು ಅರ್ಧ ಬಂತು. ಬಲಗೈ ಮಾತ್ರ ಬರಲಿಲ್ಲ. ವಾರಕ್ಕೆ ಎರಡು ಸಲ ಕಳಸಕ್ಕೆ ಕರೆದುಕೊಂಡು ಹೋಗಿ ವ್ಯಾಯಾಮ ಮಾಡಿಸಬೇಕೆಂದು ಡಾಕ್ಟರು ಹೇಳಿದರು. ಸಂಸೆಯ ಟಾರು ರಸ್ತೆ ಬಿಟ್ಟ ಮೇಲೆ ನಮ್ಮ ಮನೆಗೆ ಮೂರು ಕಿಲೋಮೀಟರ್ ಏರು. ಕಲ್ಲು, ಕೊರಕಲು, ಒಂದು ಕಡೆ ಗುಡ್ಡ ಕಡಿದ ದರೆ, ಇನ್ನೊಂದು ಕಡೆ ಆಳದಲ್ಲಿ ಪಕ್ಕದವರ ತೋಟ. ಕಾರು ಹತ್ತುವುದಿಲ್ಲ. ಬಾಡಿಗೆ ಜೀಪಿನವರು ಬರುತ್ತಾರೆ, ಆದರೆ ಕೊಯ್ಲಿನ ಕಾಲದಲ್ಲಿ ಅವರಿಗೆ ಆಳುಗಳನ್ನು ಸಾಗಿಸುವ ಕೆಲಸವೇ ಮುಗಿಯುವುದಿಲ್ಲ. ಹಾಗಾಗಿ, ಕಣದಿಂದ ಸ್ಟೋರಿಗೆ ಕಾಫಿ ಮೂಟೆ ಸಾಗಿಸುವಷ್ಟು ಮಾತ್ರ ಜೀಪು ಓಡಿಸಿ ಗೊತ್ತಿದ್ದ ನಾನು ಐವತ್ತೆಂಟನೇ ವಯಸ್ಸಿನಲ್ಲಿ ಲೈಸೆನ್ಸು ಮಾಡಿಸಿಕೊಂಡು ರಸ್ತೆಗಿಳಿದೆ.

ಇವರನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ ಹಳೇ ಪಂಚೆಯಿಂದ ಸೀಟಿಗೆ ಕಟ್ಟುತ್ತಿದ್ದೆ. ಎದೆಗೊಂದು ಸುತ್ತು, ಸೊಂಟಕ್ಕೊಂದು ಸುತ್ತು, ಸೀಟಿನ ಬೆನ್ನಿಗೆ ಎರಡು ಗಂಟು. ಮೊದಮೊದಲು ಸಡಿಲವಾಗಿ ಕಟ್ಟಿದ್ದೆ. ಒಂದು ತಿರುವಿನಲ್ಲಿ ಅವರ ಮೈ ಪೂರ್ತಿ ನನ್ನ ಮೇಲೆ ವಾಲಿ ಸ್ಟೇರಿಂಗ್ ಕೈತಪ್ಪಿತು. ಅಂದಿನಿಂದ ಗಂಟನ್ನು ಹಲ್ಲು ಕಚ್ಚಿ ಎಳೆದು ಬಿಗಿಯುವುದನ್ನು ಕಲಿತೆ. "ಮೂಟೆ ಹೊಲೀತಿದೀಯಾ, ಗಂಡನ್ನ ಕಟ್ತಿದೀಯಾ?" ಎಂದು ಅವರು ಕೇಳುತ್ತಿದ್ದರು.

ಆ ವಾಸನೆ ಶುರುವಾದದ್ದು ಕಳೆದ ಕೊಯ್ಲಿನ ಹೊತ್ತಿಗೆ. ಮೊದಲು ಜೀಪು ನಿಲ್ಲಿಸಿ ಇಳಿಯುವಾಗ ಒಂಚೂರು ಮೂಗಿಗೆ ಬಡಿಯುತ್ತಿತ್ತು. ಆಮೇಲೆ ಓಡುವಾಗಲೂ ಬರತೊಡಗಿತು. ಇವರಿಗೆ ಹೇಳಿದರೆ, "ಪೆಟ್ರೋಲ್ ಗಾಡೀಲಿ ಪೆಟ್ರೋಲ್ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬರುತ್ತಾ ಮಾರಾಯ್ತಿ?" ಎಂದು ತಳ್ಳಿಹಾಕಿದರು. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಜ್ವರದ ವರ್ಷ ಹೋದ ಅವರ ಮೂಗು ಪೂರ್ತಿ ತಿರುಗಿ ಬಂದಿರಲೇ ಇಲ್ಲ. ಒಲೆ ಮೇಲೆ ಹಾಲು ಸೀದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿರುವ ಮನುಷ್ಯ. ಅಂದರೆ, ಜೀಪಿನಲ್ಲಿ ಕೂತ ಇಬ್ಬರಲ್ಲಿ ಅಪಾಯ ಮೂಸಬಲ್ಲವಳು ನಾನೊಬ್ಬಳೇ.

ಒಂದು ದಿನ ಅಂಗಳದಲ್ಲಿ ಜೀಪು ನಿಲ್ಲಿಸಿ, ಜಗಲಿಯ ಗಡಿಯಾರ ನೋಡಿಕೊಂಡು, ಅವರನ್ನು ಇಳಿಸಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದೆ. ಸುತ್ತಿ ಆಚೆ ಬದಿಗೆ ಹೋಗಿ, ಹಿಂದಿನ ಗಂಟು ಬಿಡಿಸಿ, ಬಲಗಾಲು ಎತ್ತಿ ಹೊರಗಿಟ್ಟು, ಕಂಕುಳಿಗೆ ಕೈ ಕೊಟ್ಟು ನೆಲಕ್ಕೆ ನಿಲ್ಲಿಸುವಾಗ ನಾಲ್ಕು ನಿಮಿಷ ಆಗಿತ್ತು. ಇನ್ನೊಂದು ದಿನ ಅವಸರ ಮಾಡಿದೆ. ಗಂಟು ಇನ್ನಷ್ಟು ಸಿಕ್ಕಿಕೊಂಡು ಐದಾಯಿತು. ಇದನ್ನು ಯಾರಿಗೂ ಹೇಳಲಿಲ್ಲ. ಆದರೆ ಕಳಸದ ದಾರಿಯಲ್ಲಿ ಗೇರು ಹಾಕುವಾಗಲೆಲ್ಲ ನಾಲ್ಕು ನಿಮಿಷ, ನಾಲ್ಕು ನಿಮಿಷ ಎಂದು ತಲೆಯೊಳಗೆ ಹೊಡೆದುಕೊಳ್ಳುತ್ತಿತ್ತು. ಬೆಂಕಿ ಅಷ್ಟು ಹೊತ್ತು ಕಾಯುತ್ತದೆಯೇ?

ಒಂದು ಮಧ್ಯಾಹ್ನ ಕಳಸದಿಂದ ವಾಪಸು ಬರುವಾಗ, ನಮ್ಮ ಏರಿನ ಅರ್ಧದಲ್ಲಿ, ಮೋರಿ ದಾಟಿದ ಮೇಲಿನ ಕಡಿದಾದ ತಿರುವಿನಲ್ಲಿ ಜೀಪು ಎರಡು ಸಲ ಕೆಮ್ಮಿ ನಿಂತಿತು. ಸುಡುಬಿಸಿಲು. ಹ್ಯಾಂಡ್ ಬ್ರೇಕ್ ಎಳೆದೆ. ಎಂಜಿನ್ನಿನ ಕಾವಿಗೆ ಪೈಪಿನೊಳಗಿನ ಪೆಟ್ರೋಲ್ ಕುದಿದು ಆವಿಯಾದರೆ ಪಂಪಿಗೆ ಎಳೆಯಲು ಆಗುವುದಿಲ್ಲ. ಈ ಜೀಪುಗಳಿಗೆ ಅದು ಹಳೇ ಕಾಯಿಲೆ. ನಮ್ಮ ಕಡೆ ಅದಕ್ಕೆ ಎರಡು ಮದ್ದು. ಒಂದು, ಗೋಣಿಚೀಲ ಒದ್ದೆ ಮಾಡಿ ಪಂಪಿನ ಮೇಲೆ ಹೊದಿಸುವುದು. ಅದಕ್ಕೂ ಬಗ್ಗದಿದ್ದರೆ ಕ್ಯಾನ್ ಹಿಡಿಯುವುದು.

ಕ್ಯಾನ್ ಹಿಡಿಯುವುದೆಂದರೆ ಏನೆಂದು ಬಯಲುಸೀಮೆಯವರಿಗೆ ಹೇಳಿದರೆ ನಂಬುವುದಿಲ್ಲ. ಪೆಟ್ರೋಲ್ ತುಂಬಿದ ಕ್ಯಾನಿಗೆ ಸಣ್ಣ ಟ್ಯೂಬು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೇರ ಕಾರ್ಬುರೇಟರಿಗೆ ಕೊಟ್ಟು, ಒಬ್ಬರು ಮಡ್‌ಗಾರ್ಡ್ ಮೇಲೆ ಕೂತು ಕ್ಯಾನನ್ನು ಎದೆಯೆತ್ತರಕ್ಕೆ ಹಿಡಿದುಕೊಳ್ಳಬೇಕು. ಪಂಪಿನ ಹಂಗಿಲ್ಲ, ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಬಾನೆಟ್ ತೆರೆದೇ ಇರುತ್ತದೆ, ಕೆಳಗೆ ಕಾದ ಎಂಜಿನ್ನು. ಮದುವೆಯಾದ ವರ್ಷ ತವರಿನಿಂದ ಬರುವಾಗ ನಾನು ಮಡಿಲಕ್ಕಿಯ ಸೀರೆಯಲ್ಲೇ ಮಡ್‌ಗಾರ್ಡ್ ಮೇಲೆ ಕೂತು ಇದೇ ಏರನ್ನು ಕ್ಯಾನ್ ಹಿಡಿದು ಹತ್ತಿದ್ದೇನೆ. ಗುಂಡಿಗೆ ಬಿದ್ದಾಗಲೆಲ್ಲ ಪೆಟ್ರೋಲ್ ತುಳುಕಿ ಮಡಿಲು ಒದ್ದೆ. ಆಗ ಹೆದರಿಕೆಯೇ ಆಗಲಿಲ್ಲ. ನಾಚಿಕೆ ಮಾತ್ರ ಆಗಿತ್ತು, ದಾರಿಯಲ್ಲಿ ಆಳುಗಳು ನೋಡಿದರಲ್ಲ ಎಂದು. ಎಲ್ಲರೂ ಹಾಗೇ ಮಾಡುತ್ತಿದ್ದರು. ಎಲ್ಲರೂ ಮಾಡುವುದಕ್ಕೆ ಹೆದರಬೇಕೆಂದು ಹೊಳೆಯುವುದಾದರೂ ಹೇಗೆ?

ಈಗ ಆ ತಿರುವಿನಲ್ಲಿ ಇವರು ಶಾಂತವಾಗಿ ಹೇಳಿದರು, "ಹಿಂದ್ಗಡೆ ಕಳೆ ಮಿಷನ್ನಿಗೆ ತಂದ ಪೆಟ್ರೋಲ್ ಕ್ಯಾನ್ ಇದ್ಯಲ್ಲ, ತಗೊ. ಟ್ಯೂಬು ಗಾಡಿ ಒಳಗಿಂದ ಎಂಜಿನ್ ಕಡೆ ತೂರ್ಸು. ನಾನ್ ಹಿಡ್ಕೋತೀನಿ."

"ನೀವಾ?"

"ಮತ್ತೆ? ಒಂದು ಕೈ ಸಾಕು ಅದಕ್ಕೆ. ಕೂತಲ್ಲೇ ಕೂತಿರ್ತೀನಿ, ಎಲ್ಲಿಗೆ ಓಡ್ಹೋಗ್ತೀನಿ?"

ಅವರು ತಮಾಷೆಗೇ ಅಂದದ್ದು. ನಾನು ಇಳಿದು ಬಾನೆಟ್ ಎತ್ತಿದೆ. ವಾಸನೆ ಮುಖಕ್ಕೆ ರಪ್ಪೆಂದು ಹೊಡೆಯಿತು. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಹಳದಿ ಪೈಪು ಬೆವರಿದ ಹಾಗಿತ್ತು. ಅದರ ಬಗ್ಗಿದ ಜಾಗದಲ್ಲಿ ಒಂದು ಹನಿ ಕೂಡಿಕೊಳ್ಳುತ್ತಿತ್ತು, ತುಂಬುತ್ತಿತ್ತು, ಬೀಳುತ್ತಿತ್ತು. ಬೀಳುವ ಜಾಗದಿಂದ ಎಂಜಿನ್ನಿನ ಕಾದ ಹೊಗೆ ಕೊಳವೆ ನನ್ನ ಗೇಣಿಗೂ ಕಡಿಮೆ ದೂರ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಕ್ಯಾನನ್ನು ತೆಗೆದು ತೋಟದೊಳಕ್ಕೆ ಎಸೆದೆನಂತೆ. ಗಂಟು ಬಿಡಿಸುವಾಗ ಉಗುರು ಕಿತ್ತುಹೋಗಿತ್ತು, ಅದು ಮನೆಗೆ ಬಂದ ಮೇಲೆ ಗೊತ್ತಾಯಿತು. "ಏನಾಯ್ತೇ? ಯಾಕ್ ಹಿಂಗ್ ಎಳೀತಿ? ಏ, ಕೈ ನೋಯುತ್ತೆ!" ಎಂದು ಅವರು ಕೂಗುತ್ತಿದ್ದುದು ಕೇಳುತ್ತಿತ್ತು. ಅವರನ್ನು ದರೆಯ ಬದಿಯ ಕಲ್ಲಿನ ಮೇಲೆ ಕೂರಿಸಿ, ಜೀಪಿಗೂ ಅವರಿಗೂ ನಡುವೆ ನಾನು ನಿಂತುಕೊಂಡೆ. ಏನೂ ಹತ್ತಿಕೊಳ್ಳಲಿಲ್ಲ. ಹನಿ ಬೀಳುವುದೂ ನಿಂತಿತು. ಮೇಲಿನ ತೋಟದವರ ಜೀಪು ಬಂದು ನಮ್ಮನ್ನು ಹತ್ತಿಸಿಕೊಂಡು ಮನೆ ಮುಟ್ಟಿಸಿತು, ಅದು ಬರುವ ತನಕ ನಾನು ಆ ಜಾಗ ಬಿಡಲಿಲ್ಲ.

ಮಾರನೇ ದಿನ ಜೀಪನ್ನು ಹಗ್ಗ ಕಟ್ಟಿ ಎಳೆದು ತಂದು ಕಣದ ಅಂಚಿಗೆ ನಿಲ್ಲಿಸಿದರು. ಕಳಸದಿಂದ ನಮ್ಮ ಹಳೇ ಮೆಕ್ಯಾನಿಕ್ ಬಂದ. ಇವರಿಗಿಂತ ಹತ್ತು ವರ್ಷ ಚಿಕ್ಕವನು, ಆದರೆ ಜೀಪಿನ ವಿಷಯದಲ್ಲಿ ಇವರನ್ನು ಗದರುವ ಹಕ್ಕಿರುವ ಒಬ್ಬನೇ ಮನುಷ್ಯ. ಇವರನ್ನು ಕುರ್ಚಿ ಸಮೇತ ಬಿಸಿಲಿಗೆ ತಂದು ಕೂರಿಸಿದೆ. ಅವನು ಹಳದಿ ಪೈಪು ಬಿಚ್ಚಿ ತಂದು ಇವರ ಮುಂದೆ ಹಿಡಿದ.

"ಇದನ್ನ ಯಾವ ಪುಣ್ಯಾತ್ಮ ಹಾಕಿದ್ದು?"

"ನಾನೇ. ಕಾಯಿಲೆ ಬೀಳೋಕೆ ಮುಂಚೆ. ಯಾಕೆ?"

"ಅಣ್ಣಾ, ಇದು ಬೋರ್ಡೋ ಹೊಡೆಯೋ ಪೈಪು!"

"ಹೌದು ಮಾರಾಯ. ಅಡಿಕೆ ಮರದ ತುದಿಗೆ ಮದ್ದು ಹಾರ್ಸೋ ಪೈಪು. ಅಷ್ಟು ಪ್ರೆಶರ್ ತಡ್ಕೊಳೋದು ಈ ಒಂದ್ ಗೇಣು ಪೆಟ್ರೋಲ್ ತಡ್ಕೊಳಲ್ವಾ?"

ನಮ್ಮ ಕಡೆ ಆ ಪೈಪಿನ ಮೇಲಿನ ನಂಬಿಕೆ ಅಂಥದ್ದು. ಮಳೆಗಾಲಕ್ಕೆ ಮುಂಚೆ ಮೈಲುತುತ್ತು ಸುಣ್ಣದ ಬೋರ್ಡೋ ಹೊಡೆದು ಹಳತಾದ ಮೇಲೆ ಅದು ಬಟ್ಟೆ ಒಣಹಾಕುವ ಹಗ್ಗವಾಗುತ್ತದೆ, ಹಸುವಿನ ಕೊರಳಿಗೆ ಬೀಳುತ್ತದೆ, ಗೇಟಿಗೆ ಕೀಲಾಗುತ್ತದೆ. ಸ್ಟೋರಿನ ಮೊಳೆಯಲ್ಲಿ ಅದರ ತುಂಡು ನೇತಾಡದ ಮನೆ ಇಲ್ಲ. ಜೀಪಿನ ಪೈಪು ಒಡೆದ ದಿನ ಇವರು ಅಂಗಡಿಗೆ ಹೋಗದೆ ಮೊಳೆಗೆ ಕೈ ಹಾಕಿದ್ದರು.

ಮೆಕ್ಯಾನಿಕ್ ಪೈಪನ್ನು ಬಗ್ಗಿಸಿದ. ಹಪ್ಪಳ ಮುರಿದ ಸದ್ದಾಯಿತು. "ಪ್ರೆಶರ್ ತಡ್ಕೊಳುತ್ತೆ ಅಣ್ಣ, ಪೆಟ್ರೋಲ್ ತಡ್ಕೊಳಲ್ಲ. ಅದೂ ಈಗಿನ ಪೆಟ್ರೋಲು, ಸ್ಪಿರಿಟ್ ಕಲ್ಸಿದ್ದು. ಒಳಗಿಂದ್ಲೇ ತಿನ್ಕೊಂಡ್ ಬಂದಿದೆ ನೋಡಿ." ಸೀಳಿನೊಳಗೆ ಉಗುರು ತೂರಿಸಿ ತೋರಿಸಿದ. "ಇನ್ನೊಂದು ವಾರ ಓಡ್ಸಿದ್ರೆ ಅಕ್ಕ ನಿಮ್ಮನ್ನ ಸೀದಾ ಮೇಲಕ್ಕೇ ಕರ್ಕೊಂಡ್ ಹೋಗ್ತಿದ್ರು."

ಅವನು ನಕ್ಕ. ಇವರು ನಗಲಿಲ್ಲ. ಮುರಿದ ಪೈಪನ್ನು ಎಡಗೈಯಲ್ಲಿ ಈಸಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆ, "ಕ್ಯಾಲೆಂಡರ್ ತಗೊಂಬಾ, ಪೆನ್ಸಿಲ್ಲೂ" ಎಂದರು.

ಮುಗಿದ ತಿಂಗಳ ಹಾಳೆಯ ಹಿಂದೆ ಎಡಗೈಯಲ್ಲಿ ಚಿತ್ರ ಬರೆಯತೊಡಗಿದರು. ಟ್ಯಾಂಕು ಹಲಸಿನ ಹಣ್ಣಿನ ಹಾಗೆ ಬಂತು, ಕಾರ್ಬುರೇಟರು ಅದರ ಮರಿಯ ಹಾಗೆ. ನಡುವೆ ಒಂದು ಗೆರೆ. ಆ ಗೆರೆಯ ಮೇಲೆ ಇಡೀ ಬೆಳಿಗ್ಗೆ ವಾದ ನಡೆಯಿತು. ಟ್ಯಾಂಕಿನ ತಳ ತುಕ್ಕು ಹಿಡಿದಿದೆ, ಹೊಸದೇ ಆಗಬೇಕು, ಅದಕ್ಕೆ ಇಬ್ಬರೂ ಒಪ್ಪಿದರು. ಪೈಪುಗಳೆಲ್ಲ ಈಗಿನ ಪೆಟ್ರೋಲಿಗೆ ಬಾಳುವಂಥವು, ಅವಕ್ಕೆ ಹೊಸ ಕ್ಲಿಪ್ಪು, ಹೊಗೆ ಕೊಳವೆಯಿಂದ ದೂರ ಸುತ್ತಿಸಿ ತರುವುದು, ಅದಕ್ಕೂ ಒಪ್ಪಿದರು. ಟ್ಯಾಂಕನ್ನು ನನ್ನ ಕೆಳಗಿನಿಂದ ತೆಗೆದು ಹಿಂದೆ ಹಾಕಲು ಆಗುವುದಿಲ್ಲವೇ ಎಂದು ನಾನು ಕೇಳಿದೆ.

"ಹಾಕ್ಬೋದು ಅಕ್ಕ. ಆದ್ರೆ ನಿಮ್ ರಸ್ತೇಲಿ ಹಿಂದ್ಗಡೆ ಕಲ್ಲಿಗೆ ಬಡಿಯುತ್ತೆ. ಸ್ಪ್ರಿಂಗ್ ಕೂತು ಮೊದ್ಲೇ ತಗ್ಗಾಗಿದೆ. ಸೀಟಿನ್ ಕೆಳಗೇ ಅದಕ್ಕೆ ಸೇಫು."

ಅದಕ್ಕೆ ಸೇಫು.

ಜಗಳ ಹತ್ತಿದ್ದು ಪಂಪಿನ ವಿಷಯಕ್ಕೆ. ಮೆಕ್ಯಾನಿಕ್ಕು ಟ್ಯಾಂಕಿನ ಹತ್ತಿರ ಬ್ಯಾಟರಿಯಲ್ಲಿ ಓಡುವ ಕರೆಂಟ್ ಪಂಪು ಇಡೋಣ ಎಂದ. ಅದು ಎಳೆಯುವುದಲ್ಲ, ತಳ್ಳುವುದು. ಏರಿನಲ್ಲಿ ಕಾದರೂ ಆವಿ ಕಟ್ಟುವುದಿಲ್ಲ, ಜೀಪು ನಿಲ್ಲುವುದಿಲ್ಲ. ಇವರಿಗೆ ಹಳೇ ಪಂಪೇ ಬೇಕು. ಅದರ ಕೆಳಗೊಂದು ಗಾಜಿನ ಬಟ್ಟಲಿದೆ, ನೀರು ಕಸ ಸೇರಿದರೆ ಕಣ್ಣಿಗೆ ಕಾಣುತ್ತದೆ. "ಹಳೇ ಪಂಪು ಎಂಜಿನ್ ಜೊತೆ ನಿಲ್ಲುತ್ತೆ. ನಿನ್ ಕರೆಂಟ್ ಪಂಪು ಗಾಡಿ ಮಗುಚಿ ಬಿದ್ರೂ ಪೆಟ್ರೋಲ್ ತಳ್ತಾನೇ ಇರುತ್ತೆ. ಬೆಂಕಿಗೆ ತುಪ್ಪ ಸುರಿಯೋಕೆ ಆಳು ಇಟ್ಟಂಗೆ" ಎಂದರು.

ಇದು ನನಗೆ ಹೊಳೆದೇ ಇರಲಿಲ್ಲ. ಹೆದರಲು ಇನ್ನೊಂದು ಹೊಸ ಕಾರಣ.

"ಅದಕ್ಕೆ ದಾರಿ ಇದೆ ಅಣ್ಣ. ಎಂಜಿನ್ ನಿಂತು ಆಯಿಲ್ ಪ್ರೆಶರ್ ಹೋಯ್ತು ಅಂದ್ರೆ ಪಂಪಿಗೆ ಕರೆಂಟೇ ಹೋಗ್ಬಾರ್ದು, ಹಂಗೆ ವೈರಿಂಗ್ ಮಾಡ್ತೀನಿ. ಮೇಲಿಂದ ಪಂಪು ನಿಲ್ಸೋಕೆ ಕೈಗೊಂದು ಸ್ವಿಚ್ಚು."

"ಎಲ್ಲಿ ಸ್ವಿಚ್ಚು?" ಎಂದೆ.

"ನೀವ್ ಹೇಳಿದ್ ಕಡೆ ಅಕ್ಕ."

"ನಲ್ವತ್ ವರ್ಷ ಓಡ್ಸಿದೀನಿ, ಯಾವ್ ಸ್ವಿಚ್ಚೂ ಇರ್ಲಿಲ್ಲ" ಎಂದರು ಇವರು. "ಹೆದ್ರೋರಿಗೆ ಎಷ್ಟು ಸ್ವಿಚ್ ಇಟ್ರೂ ಸಾಲಲ್ಲ."

"ಓಡ್ಸೋದು ಈಗ ನಾನು" ಎಂದುಬಿಟ್ಟೆ.

ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರೂ ತಿರುಗಿ ನೋಡಿದರು. ಆಡಿದ ಮೇಲೆ ಆ ಮಾತು ಎಷ್ಟು ಹರಿತವಾಗಿತ್ತೆಂದು ಗೊತ್ತಾಯಿತು. ಆದರೆ ಅಲ್ಲಿಗೆ ನಿಲ್ಲಿಸಲಾಗಲಿಲ್ಲ. "ನಿಮ್ಮನ್ನ ಇಳ್ಸೋಕೆ ನಾಲ್ಕು ನಿಮಿಷ ಬೇಕು. ಗಡಿಯಾರ ಇಟ್ಕೊಂಡ್ ನೋಡಿದೀನಿ. ಅವಸರ ಮಾಡಿದ್ರೆ ಐದು. ಯಾವ ಪಂಪಾದ್ರೂ ಹಾಕ್ಸಿ. ಆ ನಾಲ್ಕು ನಿಮಿಷಕ್ಕೆ ಏನ್ ಮಾಡ್ತೀರಿ, ಅದನ್ನ ಬರೀರಿ ಆ ಹಾಳೇಲಿ."

ಮೆಕ್ಯಾನಿಕ್ಕು ಎದ್ದು ಜೀಪಿನ ಹತ್ತಿರ ಹೋಗಿ, ನಾನು ಕಟ್ಟುವ ಪಂಚೆ ಹೇಗಿದೆ ಎಂದು ನೋಡುವ ನೆವದಲ್ಲಿ ಎಡಗಡೆ ಸೀಟಿನ ದಿಂಬು ಎತ್ತಿದ. "ಇದೇನಕ್ಕ, ಇಲ್ಯಾಕೆ ಇಟ್ಟಿದೀರಿ?" ಎಂದು ಒಂದು ಕತ್ತಿ ತೆಗೆದು ತೋರಿಸಿದ. ಕಾಫಿ ಗಿಡದ ಚಿಗುರು ತೆಗೆಯುವ ಸಣ್ಣ ಬಾಗುಕತ್ತಿ. ಹೊಸದಾಗಿ ಮಸೆದದ್ದು, ಅಲುಗು ಬಿಸಿಲಿಗೆ ಹೊಳೆಯುತ್ತಿತ್ತು.

ನಾನು ಇಟ್ಟದ್ದಲ್ಲ. ಇವರ ಕಡೆ ನೋಡಿದೆ. ಅವರು ಕ್ಯಾಲೆಂಡರಿನ ಹಾಳೆ ನೋಡುತ್ತಿದ್ದರು.

"ಪಂಚೆ ಕುಯ್ಯೋಕೆ" ಎಂದರು ಕೊನೆಗೆ. "ಎಡಗೈಗೆ ಎಟ್ಕುತ್ತೆ ಅಲ್ಲಿ."

"ಯಾವಾಗಿಂದ ಇದೆ ಅದು?"

"ನೀನು ಕಟ್ಟೋಕೆ ಶುರು ಮಾಡಿದ್ ವಾರದಿಂದ. ತೋಟದ ಮೇಸ್ತ್ರಿ ಹತ್ರ ಮಸೆಸಿ ಇಡ್ಸಿದ್ದೆ. ಏನಾದ್ರೂ ಆದ್ರೆ ನೀನು ಗಂಟು ಬಿಡಿಸ್ತಾ ನಿಂತ್ಕೋತೀಯ. ನಂಗೊತ್ತು ನಿನ್ ಬುದ್ಧಿ" ಎಂದರು.

ಒಂದೂವರೆ ವರ್ಷ ಒಂದೇ ಜೀಪಿನಲ್ಲಿ ಅಕ್ಕಪಕ್ಕ ಕೂತು, ಇಬ್ಬರೂ ಅದೇ ಹೆದರಿಕೆಯನ್ನು ಬೇರೆ ಬೇರೆಯಾಗಿ ಬಚ್ಚಿಟ್ಟುಕೊಂಡು ಹೋಗಿ ಬಂದಿದ್ದೆವು. ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತು. ನನಗೆ ಇನ್ನೂ ಹೆದರಿಕೆಯಾಯಿತು. ಯಾವುದಕ್ಕೂ ಅಂಜದ ಮನುಷ್ಯ ಪಕ್ಕದಲ್ಲಿದ್ದಾರೆ ಎಂಬ ಧೈರ್ಯ ನನಗೆ ಗೊತ್ತಿಲ್ಲದೆಯೇ ಇತ್ತು. ಅದೂ ಹೋಯಿತು.

ಮೆಕ್ಯಾನಿಕ್ಕು ಕತ್ತಿಯನ್ನು ಜಗಲಿಯ ಮೇಲಿಟ್ಟು, ಪೆನ್ಸಿಲ್ ಈಸಿಕೊಂಡು, ಚಿತ್ರದ ತಲೆಯ ಮೇಲೆ 'ಬೆಲ್ಟು' ಎಂದು ಬರೆದ. "ಗುಜರಿ ಕಾರಿಂದ ಒಂದು ತರ್ತೀನಿ. ಎಡಗೈ ಪಕ್ಕ ಬಕಲ್ಲು. ಹೆಬ್ಬೆಟ್ಟಲ್ಲಿ ಒತ್ತಿದ್ರೆ ಬಿಟ್ಕೋಬೇಕು. ಹತ್ತೋ ಕಡೆ ಕಂಬೀಗೆ ಒಂದು ಹಿಡಿ, ಕಾಲಿಡೋಕೆ ಒಂದು ಮೆಟ್ಲು. ಪಂಪು ಆಮೇಲೆ." ಇವರು ತಲೆಯಾಡಿಸಿದರು. ಕರೆಂಟ್ ಪಂಪಿಗೂ ಒಪ್ಪಿದರು. ಗಾಜಿನ ಬಟ್ಟಲನ್ನು ಮಾತ್ರ ಟ್ಯಾಂಕಿನ ದಾರಿಯಲ್ಲಿ ಎಲ್ಲಾದರೂ ಉಳಿಸಿಕೊಡು ಎಂದು ಕೇಳಿಕೊಂಡರು. ಸ್ವಿಚ್ಚನ್ನು ಇಬ್ಬರ ನಡುವೆ, ನನ್ನ ಎಡಗೈಗೆ ಸಿಗುವಂತೆ ಇಡುವುದೆಂದಾಯಿತು.

ಮುಂದಿನ ಮೂರು ವಾರ ಸಾಮಾನಿಗಾಗಿ ಅವನು ಮೂಡಿಗೆರೆಗೂ ಚಿಕ್ಕಮಗಳೂರಿಗೂ ಓಡಾಡಿದ. ಅಷ್ಟೂ ದಿನ ನಾವು ಬಾಡಿಗೆ ಜೀಪಿನವರ ಕೈಕಾಲು ಹಿಡಿದೆವು. ಅತ್ತ ಇವರಿಗೆ ಕಳಸದಲ್ಲಿ ವ್ಯಾಯಾಮ ಮಾಡಿಸುವಾಕೆಯ ಹತ್ತಿರ ಹೊಸ ಹಟ ಹುಟ್ಟಿತು. ಕೈ ಬೇಡ, ಇಳಿಯುವುದು ಕಲಿಸಿ ಎಂದು. ಆಕೆ ಹೋದಾಗಲೆಲ್ಲ ಎತ್ತರದ ಮಂಚದಿಂದ ಹತ್ತು ಸಲ ಇಳಿಸಿದರು.

ಕೆಲಸ ಮುಗಿದ ದಿನ ಹತ್ತು ಗಂಟೆಯ ಹೊತ್ತಿಗೆ ಹೊರಟೆವು. ಬೆಲ್ಟು ಹಾಕಿದ್ದು ಅವರೇ. ಕೆಳಗೆ ಟಾರು ರಸ್ತೆ ಮುಟ್ಟಿ ತಿರುಗಿಸಿ ಏರು ಹತ್ತಿಸತೊಡಗಿದೆ. ವಾಸನೆ ಇರಲಿಲ್ಲ. ಇಲ್ಲದಿದ್ದರೂ ನಾನು ನಾಯಿಯ ಹಾಗೆ ಮೂಸುತ್ತಲೇ ಇದ್ದೆ. ಮೋರಿ ದಾಟಿದ ತಿರುವಿಗೆ ಬಂದಾಗ ಇವರು, "ಇಲ್ಲೇ ನಿಲ್ಸು. ಸ್ವಿಚ್ ಒತ್ತು" ಎಂದರು.

"ಇಲ್ಲೇನಾ? ಮನೇಲಿ ನೋಡಣ."

"ಮನೇಲಿ ಎಂಥದು? ಒತ್ತು."

ಬ್ರೇಕ್ ಎಳೆದು ಒತ್ತಿದೆ. ಎಂಜಿನ್ ನಿಲ್ಲಲಿಲ್ಲ. ಬೆರಳು ತೆಗೆಯದೆ ಇನ್ನಷ್ಟು ಅದುಮಿದೆ. ಓಡುತ್ತಲೇ ಇತ್ತು. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರುವ ತನಕ ಓಡುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಅದು ಕಿವಿಗೆ ಗೊತ್ತು, ಮೈಗೆ ಗೊತ್ತಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಆ ಸದ್ದು ಕೇಳುತ್ತಾ ಕೂತೆ. ಪಕ್ಕದಲ್ಲಿ ಟಕ್ ಎಂದಿತು. ಏನೋ ಉಜ್ಜಿದ ಸದ್ದು, ಅವರ ದೊಡ್ಡ ಉಸಿರು, ಜೀಪು ಒಂದು ಕಡೆಗೆ ಹಗುರಾಯಿತು. ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು.

ತಿರುಗಿ ನೋಡಿದರೆ ಅವರು ಹೊರಗೆ ನೆಲದ ಮೇಲೆ ನಿಂತಿದ್ದರು. ಕಂಬಿಗೆ ಜೋತುಬಿದ್ದು, ಮುಖವೆಲ್ಲ ಬೆವರು, ಬಲಗಾಲು ಗಡಗಡ ನಡುಗುತ್ತಿತ್ತು.

"ಏ ಮಾರಾಯ್ತೀ" ಎಂದು ಏದುಸಿರಿನಲ್ಲೇ ರೇಗಿದರು, "ನಾನೇ ಇಳ್ದಾಯ್ತು. ನೀನಿನ್ನೂ ಅಲ್ಲೇ ಯಾಕ್ ಕೂತಿದೀಯೇ? ಇಳಿಯೇ ಮೊದ್ಲು!"

ಹೌದಲ್ಲ. ಇಷ್ಟು ತಿಂಗಳು ಎಣಿಸಿದ ನಿಮಿಷಗಳಲ್ಲಿ ನಾನು ಇಳಿಯುವುದು ಎಲ್ಲೂ ಇರಲಿಲ್ಲ. ಸ್ಟೇರಿಂಗ್ ಬಿಡಲು ನೋಡಿದೆ. ಬೆರಳು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.